ತೊಡೆಯೆಂಬ ಆಕರ: ನಂದಿ ಸೀಮೆಯ ಗಿರಿದುರ್ಗಗಳ ಸೈಕಲಾಧಾರಿತ ಅಧ್ಯಯನ

ಪೀಠಿಕೆ

ಕರ್ನಾಟಕದ ಇತಿಹಾಸ ಬರೆದವರೆಲ್ಲ ಆಕರಗಳನ್ನು ಎರಡು ಗೂಡಿಗೆ ತುಂಬಿ ಕೈತೊಳೆದುಕೊಂಡಿದ್ದಾರೆ: ಸಾಹಿತ್ಯದ ಆಕರ, ಪುರಾತತ್ವದ ಆಕರ. ಕಾವ್ಯ, ಕೈಫಿಯತ್ತು, ಶಾಸನ, ನಾಣ್ಯ, ಮಡಕೆ ಚೂರು ಎಲ್ಲವೂ ಇವೆರಡರಲ್ಲೇ ಅಡಗಬೇಕು. ಮೂರನೆಯ ಆಕರವೊಂದು ಮಂಡಿಯ ಮೇಲೆ, ಸೊಂಟದ ಕೆಳಗೆ ಸದ್ದಿಲ್ಲದೆ ಬಿದ್ದಿದೆ ಎಂಬುದು ಈ ತನಕ ಯಾವ ವಿದ್ವಾಂಸರಿಗೂ ಹೊಳೆಯದಿರುವುದು ವಿಷಾದದ ಸಂಗತಿ. ಕಾರಣ ಸರಳ. ವಿದ್ವಾಂಸರು ಬೆಟ್ಟಕ್ಕೆ ಜೀಪಿನಲ್ಲಿ ಹೋಗುತ್ತಾರೆ.

ಬಿ.ಎಲ್. ರೈಸ್ ಅವರನ್ನು ಈ ವಿಚಾರದಲ್ಲಿ ಮನ್ನಿಸಬಹುದು. ಅವರು ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ಹೊರತಂದದ್ದು 1886ರಲ್ಲಿ. ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಆಮೇಲಿನವರನ್ನು ಮನ್ನಿಸಲು ಇಂಥ ಯಾವ ಕಾರಣವೂ ಸಿಗುತ್ತಿಲ್ಲ.

ಪ್ರಸ್ತುತ ಅಧ್ಯಯನದ ವ್ಯಾಪ್ತಿ ದೇವನಹಳ್ಳಿಯಿಂದ ನಂದಿಬೆಟ್ಟದವರೆಗೆ. ಮಧುಗಿರಿಯನ್ನೂ ಸೇರಿಸಿಕೊಳ್ಳಬೇಕೆಂಬ ಒತ್ತಾಯ ಮಿತ್ರರಿಂದ ಬಂದಿತ್ತು. ಆ ಏಕಶಿಲೆಯನ್ನು ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ ಮೇಲೆ, ಶುದ್ಧ ಶಾಸ್ತ್ರೀಯ ಕಾರಣಗಳಿಗಾಗಿ ಅದನ್ನು ಕೈಬಿಡಲಾಯಿತು.

ವಾಹನ ವಿಚಾರ

ಎಂಟಿಬಿ ಎಂದು ಸವಾರರು ಪ್ರೀತಿಯಿಂದ ಕರೆಯುವ ಬೆಟ್ಟದ ಸೈಕಲ್ಲಿನ ತೌರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. 1976ರಲ್ಲಿ ಅಲ್ಲಿನ ಹುಡುಗರು ಗುಜರಿ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡು, ಕಡಿದಾದ ಮಣ್ಣು ರಸ್ತೆಯೊಂದರಲ್ಲಿ ಪಂದ್ಯ ಕಟ್ಟಿ ಇಳಿಯತೊಡಗಿದರು. ಒಂದು ಸಲ ಇಳಿದರೆ ಹಿಂದಿನ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ, ಹೊಸದಾಗಿ ತುಂಬಬೇಕಾಗುತ್ತಿತ್ತು. ಹಾಗಾಗಿ ಆ ರಸ್ತೆಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಇಲ್ಲಿ ಗಮನಿಸಬೇಕಾದದ್ದು ಬೇರೆ. ಮೇಲಕ್ಕೆ ಹೋಗುವಾಗ ಅವರು ಸೈಕಲ್ಲನ್ನು ತಳ್ಳುತ್ತಿದ್ದರು, ಇಲ್ಲವೇ ಟ್ರಕ್ಕಿಗೆ ಹೇರುತ್ತಿದ್ದರು. ಅಂದರೆ ಈ ವಾಹನ ಹುಟ್ಟಿದ್ದೇ ಇಳಿಯಲಿಕ್ಕೆ. ಬೆಂಗಳೂರಿನ ಎಂಜಿನಿಯರು ಮಾತ್ರ ಭಾನುವಾರ ನಸುಕಿನ ನಾಲ್ಕಕ್ಕೆ ಅಲಾರಂ ಇಟ್ಟುಕೊಂಡು ಅದರ ಮೇಲೆ ಕೂತು ಹತ್ತುತ್ತಾನೆ. ಇದನ್ನು ಪೂರ್ವಜನ್ಮದ ಕರ್ಮವೆಂದು ವಿವರಿಸುವವರಿದ್ದಾರೆ. ಸೋಮವಾರ ಆಫೀಸಿನಲ್ಲಿ ಹೇಳಿಕೊಳ್ಳಲು ಅವನಿಗೆ ಬೇರೇನೂ ಇಲ್ಲ ಎಂಬುದು ಪ್ರಬಂಧಕಾರನ ವಿನಮ್ರ ಊಹೆ.

ಸವಾರರಲ್ಲಿ ಮತಗಳು ಎರಡು. ಮುಂದಿನ ಚಕ್ರಕ್ಕಷ್ಟೇ ಸಸ್ಪೆನ್ಷನ್ ಸಾಕು ಎಂಬುವರು ಹಾರ್ಡ್‌ಟೇಲ್ ಮತಸ್ಥರು. ಹಿಂದಕ್ಕೂ ಬೇಕೇಬೇಕು ಎಂಬುವರು ಫುಲ್ ಸಸ್ಪೆನ್ಷನ್ ಮತಸ್ಥರು. ವಾದದ ತಿರುಳು ಬೆನ್ನುಮೂಳೆಯಲ್ಲಿದೆ. ನಲವತ್ತು ದಾಟಿದ ಮೇಲೆ ಮೊದಲ ಮತದವರು ಎರಡನೆಯದಕ್ಕೆ ಮತಾಂತರವಾಗುವುದು ಧಾರಾಳವಾಗಿ ಕಂಡುಬಂದಿದೆ. ವಿರುದ್ಧ ದಿಕ್ಕಿನ ಮತಾಂತರಕ್ಕೆ ದಾಖಲೆಯಿಲ್ಲ.

ಗೇರಿನ ಗಣಿತ ಇನ್ನೂ ರೋಚಕ. ಮುಂದೆ 32 ಹಲ್ಲಿನ ಚಕ್ರ, ಹಿಂದೆ ಅತಿ ದೊಡ್ಡದಕ್ಕೆ 51 ಹಲ್ಲು. ಪೆಡಲನ್ನು ಪೂರ್ತಿ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಈ ಗೇರಿನಲ್ಲಿ ಹತ್ತುವವನೂ ಪಕ್ಕದಲ್ಲಿ ನಡೆದು ಹೋಗುವವನೂ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತಾರೆ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ, ಹೇಳಲೂಬಾರದು.

ಇನ್ನು ಟೈರಿಗೆ ಮುಳ್ಳು ಚುಚ್ಚಿ ಪಂಚರ್ ಮಾಡುವ ಬಳ್ಳಾರಿ ಜಾಲಿ. ಹೆಸರು ನಮ್ಮ ಬಳ್ಳಾರಿಯದಾದರೂ ಗಿಡದ ಮೂಲ ಅಮೆರಿಕ ಖಂಡ. ಭಾರತಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಸೈಕಲ್ಲೂ ಅಮೆರಿಕದ್ದು, ಮುಳ್ಳೂ ಅಮೆರಿಕದ್ದು. ಎರಡೂ ಅಲ್ಲೇ ಸಂಧಿಸಬಹುದಿತ್ತು. ನಮ್ಮ ಕೆರೆ ಏರಿಯನ್ನೇ ಆರಿಸಿಕೊಂಡವು.

ದುರ್ಗ ಪ್ರಕರಣ

ಮೊದಲು ದೇವನಹಳ್ಳಿ. ಆವತಿ ಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಮಣ್ಣಿನಲ್ಲಿ ಕಟ್ಟಿಸಿ, ಮುಂದೆ ಹೈದರನ ಕಾಲಕ್ಕೆ ಕಲ್ಲಾದ ಕೋಟೆ. ಟಿಪ್ಪು ಹುಟ್ಟಿದ ಊರು. ಗ್ರಂಥಗಳು ಇದರ ಬಗ್ಗೆ ಸಾಕಷ್ಟು ಹೇಳುತ್ತವೆ. ತೊಡೆ ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಊರು ಬಯಲಲ್ಲಿದೆ. ಸವಾರನೂ ಇಲ್ಲಿ ನಿಲ್ಲುವುದಿಲ್ಲ. ಬಯಲಿನಲ್ಲಿ ಇತಿಹಾಸ ನಡೆಯಬಹುದೆಂಬ ಕಲ್ಪನೆಯೇ ಅವನಿಗಿಲ್ಲ.

ನಂದಿದುರ್ಗದ ಮಾತು ಬೇರೆ. ಸಮುದ್ರಮಟ್ಟದಿಂದ 1,478 ಮೀಟರ್. ಚಿಕ್ಕಬಳ್ಳಾಪುರದ ಪಾಳೆಯಗಾರರಿಂದ ಹೈದರ್, ಟಿಪ್ಪು ಕೈಗೆ ಬಂದು ಬಲಗೊಂಡ ಕೋಟೆ. ಡಾಂಬರು ದಾರಿಯಲ್ಲಿ ಸವಾರರ ಲೆಕ್ಕಕ್ಕೆ ನಲವತ್ತು ಹೇರ್‌ಪಿನ್ ತಿರುವು. ಈ ತಿರುವುಗಳಲ್ಲಿ ನಡೆಸಿದ ಕ್ಷೇತ್ರಕಾರ್ಯದಿಂದ ಸವಾರನ ಭಾಷಾ ವ್ಯವಹಾರವನ್ನು ಮೂರು ಸ್ತರವಾಗಿ ಗುರುತಿಸಬಹುದು. ಮೊದಲ ತಿರುವುಗಳಲ್ಲಿ ಷೇರು ಮಾರುಕಟ್ಟೆ, ನಡುವೆ ಮೌನ, ಕೊನೆಯ ಕಡಿದಾದ ಏರಿನಲ್ಲಿ ದೇವರು. ನಾಸ್ತಿಕರೂ ಇಲ್ಲಿ ನಂದೀಶ್ವರನನ್ನು ಹೆಸರು ಹಿಡಿದು ಕರೆದದ್ದುಂಟು.

1791ರ ಅಕ್ಟೋಬರ್ 19ರ ಬೆಳಗಿನ ಜಾವ, ಬೆಳದಿಂಗಳಿನಲ್ಲಿ, ಜನರಲ್ ಮೆಡೋಸ್ ಮುಂದಾಳಾಗಿ ಇಂಗ್ಲಿಷರು ಈ ಕೋಟೆಗೆ ಲಗ್ಗೆ ಹಾಕಿ ಹಿಡಿದರು. ಅದಕ್ಕೂ ಮುಂಚೆ ಮೂರು ವಾರದ ಮುತ್ತಿಗೆ. ಫಿರಂಗಿಗಳನ್ನು ಇಳಿಜಾರಿನಲ್ಲಿ ಎಳೆದೆಳೆದು ಮೇಲೇರಿಸುವ ದುಡಿಮೆ. ಮೇಲಿದ್ದವರು ಬಂಡೆ ಉರುಳಿಸಿದರು. ಇಷ್ಟನ್ನು ಇತಿಹಾಸಕಾರರು ಬರೆದಿಟ್ಟು, ಕೋಟೆ ಬಿದ್ದದ್ದಕ್ಕೆ ಫಿರಂಗಿಯೇ ಕಾರಣವೆಂದರು. ತೊಡೆಯ ಪ್ರಶ್ನೆ ಬೇರೆ: ಬೆಳಗಿನ ಜಾವವೇ ಯಾಕೆ? ಯುದ್ಧತಂತ್ರ, ಶತ್ರುವಿನ ನಿದ್ದೆ ಇತ್ಯಾದಿ ಉತ್ತರಗಳು ಹತ್ತದವರ ಉತ್ತರಗಳು. ಬಿಸಿಲೇರಿದ ಮೇಲೆ ನಂದಿ ಹತ್ತಲಾಗುವುದಿಲ್ಲ, ಅಷ್ಟೇ. ಮೆಡೋಸನಿಗೆ ತಿಳಿದದ್ದನ್ನು ಸವಾರರು ಪ್ರತಿ ಭಾನುವಾರ ಸ್ವತಂತ್ರವಾಗಿ ಮರುಶೋಧಿಸುತ್ತಿದ್ದಾರೆ.

ಮೂರು ವಾರ ಹಿಡಿದದ್ದು ಯಾಕೆಂಬುದಕ್ಕೂ ತೊಡೆಯ ಬಳಿ ಸಮಾಧಾನವಿದೆ. ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಗಾಲಿಯ ಮರದ ಬಂಡಿಯನ್ನು ಓಡಿಸಿ ತೋರಿಸಿದ್ದು 1817ರಲ್ಲಿ. ಮೆಡೋಸ್ ಇಪ್ಪತ್ತಾರು ವರ್ಷ ಅವಸರ ಮಾಡಿದ. ಇಂದಿನ ಸಾಧಾರಣ ಸವಾರನಿಗೆ ಇದೇ ಬೆಟ್ಟ ಗಂಟೆಯೊಂದರ ಆಸುಪಾಸಿನ ಕೆಲಸ. ಮೇಲಿನಿಂದ ಬಂಡೆ ಉರುಳಿಸುವವರು ಈಗಿಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ಆ ಹೊಣೆಯನ್ನು ವಾರಾಂತ್ಯದ ಕಾರುಗಳು ವಹಿಸಿಕೊಂಡಿವೆ.

ಸುಲ್ತಾನ್‌ಪೇಟೆಯ ಕಡೆಯಿಂದ ಬೆಟ್ಟಕ್ಕೆ 1,175 ಮೆಟ್ಟಿಲುಗಳ ಹಳೆಯ ದಾರಿಯೂ ಇದೆ. ಇಲ್ಲಿ ಸವಾರ ಸೈಕಲ್ಲನ್ನು ಏರುವುದಿಲ್ಲ, ಸೈಕಲ್ಲೇ ಸವಾರನನ್ನು ಏರುತ್ತದೆ. ಹೆಗಲನ್ನು ನಾಲ್ಕನೆಯ ಆಕರವೆಂದು ಮಾನ್ಯ ಮಾಡಬೇಕೆ ಎಂಬುದನ್ನು ಮುಂದಿನ ಪೀಳಿಗೆಗೆ ಬಿಡಲಾಗಿದೆ.

ಶುನಕ ಪ್ರಕರಣ

ಕ್ರಿ.ಶ. 949–50ರ ಆತಕೂರು ಶಾಸನದಲ್ಲಿ, ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿ ಗೌರವಿಸಿದ್ದಾರೆ. ಆ ಕುಲದವರು ಈ ಗೌರವವನ್ನು ಇಂದಿಗೂ ಮರೆತಿಲ್ಲ ಎಂಬುದಕ್ಕೆ ಬೆಳಗಿನ ಐದೂವರೆಗೆ ಈ ಸೀಮೆಯ ಯಾವ ಊರಬಾಗಿಲಲ್ಲಾದರೂ ಪುರಾವೆ ದೊರೆಯುತ್ತದೆ. ತೊಡೆಯ ಜೊತೆಗೆ ಮೀನಖಂಡವೂ ಆಕರವಾಗಿಬಿಡುವ ಅಪಾಯ ಇಲ್ಲುಂಟು.

ವೀರಗಲ್ಲು ಮತ್ತು ಸ್ಟ್ರಾವಾ

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸಾನ್ನಿಧ್ಯ. ಸ್ಟ್ರಾವಾ ಎಂಬ ಆ್ಯಪಿನಲ್ಲಿ ಸವಾರ ಹಾಕುವ ಚಿತ್ರಗಳೂ ಮೂರೇ: ಏರಿನಲ್ಲಿ ಏದುಸಿರು, ಮಿತ್ರರು ಎತ್ತಿ ಹಿಡಿಯುವ ‘ಕುಡೋಸ್’, ಕೊನೆಗೆ ತಟ್ಟೆ ಇಡ್ಲಿ. ಇದು ಆಕಸ್ಮಿಕವೆಂದು ಹೇಳುವವರೊಡನೆ ವಾದಕ್ಕಿಳಿಯಲು ಪ್ರಬಂಧಕಾರ ಸಿದ್ಧನಿಲ್ಲ. ಒಂದು ಏರನ್ನು ಎಲ್ಲರಿಗಿಂತ ಬೇಗ ಹತ್ತಿದವನಿಗೆ ಈ ಆ್ಯಪು ಬೆಟ್ಟದ ರಾಜನೆಂಬ ಬಿರುದು ಕೊಡುತ್ತದೆ. ಬೇರೊಬ್ಬ ಅದನ್ನು ಕಸಿದರೆ ಪದಚ್ಯುತನಿಗೆ ಇಮೇಲ್ ಬರುತ್ತದೆ. ಪಾಳೆಯಗಾರರಿಗೆ ಈ ಅನುಕೂಲವಿರಲಿಲ್ಲ. ಫಿರಂಗಿ ಸದ್ದು ಕೇಳಿಯೇ ತಿಳಿದುಕೊಳ್ಳಬೇಕಿತ್ತು. ಒಂದೇ ಬೆಟ್ಟವನ್ನು ಹತ್ತಾರು ಸಲ ಹತ್ತಿ ಇಳಿದು, ಏರಿನ ಮೊತ್ತವನ್ನು ಎವರೆಸ್ಟಿನ 8,848 ಮೀಟರಿಗೆ ಮುಟ್ಟಿಸುವ ವ್ರತವೂ ಇದೆ. ಹಿಡಿದ ಕೋಟೆಯನ್ನೇ ಬಿಟ್ಟುಕೊಟ್ಟು ಮತ್ತೆ ಹಿಡಿಯುವ ಈ ಪದ್ಧತಿಗೆ ದಕ್ಷಿಣ ಭಾರತದ ಸೈನಿಕ ಇತಿಹಾಸದಲ್ಲಿ ಸಮಾನಾಂತರ ಸಿಕ್ಕಿಲ್ಲ.

ಬುಲೆಟ್ ಆಕ್ಷೇಪ

ಈ ಶಾಸ್ತ್ರದ ಅತ್ಯಂತ ಪ್ರಬಲ ಪೂರ್ವಪಕ್ಷ ಚಹಾ ಅಂಗಡಿಗಳಲ್ಲಿ ಕೇಳಿಬರುತ್ತದೆ. ಪಠ್ಯ ಹೀಗಿದೆ:

‘ಎಷ್ಟಾಯ್ತು ಸಾ ಇದು?’

‘ಒಂದೂಮುಕ್ಕಾಲು ಲಕ್ಷ.’

‘ಮೋಟ್ರು ಎಲ್ಲೈತೆ?’

‘ಮೋಟರ್ ಇಲ್ಲ. ತುಳಿಯೋದೇ.’

‘ಅಯ್ಯೋ, ಬುಲೆಟ್ಟೇ ಬರ್ತಿತ್ತಲ್ಲ ಸಾ!’

ಹೀಗೆ ಆಕ್ಷೇಪಿಸುವವರು ಬಹುಪಾಲು ಗೇರೇ ಇಲ್ಲದ ಹಳೇ ಸೈಕಲ್ಲಿನಲ್ಲಿ ಎರಡು ಕ್ಯಾನು ಹಾಲು ಹೊತ್ತು, ಡೈರಿಗೆ ಹಾಕಿ, ವಾಪಸಾಗುತ್ತಿರುವವರು. ಅವರ ಸೈಕಲ್ಲಿಗೆ ಸಸ್ಪೆನ್ಷನ್ ಇಲ್ಲ, ತಲೆಗೆ ಹೆಲ್ಮೆಟ್ ಇಲ್ಲ, ಏರಿಗೆ ಬಿರುದಿಲ್ಲ. ಕಾರ್ಬನ್ ಫೈಬರಿನ ತೂಕ, ಆರೋಗ್ಯ, ಪರಿಸರ ಮುಂತಾದ ಸಮಾಧಾನಗಳನ್ನು ಇವರ ಮುಂದೆ ಮಂಡಿಸಿ ನೋಡಲಾಗಿದೆ. ಅವರು ಗಮನವಿಟ್ಟು ಕೇಳಿ, ಚಹಾ ಮುಗಿಸಿ, ‘ಆದ್ರೂ ಬುಲೆಟ್ಟು’ ಎಂದು ಎದ್ದು ಹೋಗುತ್ತಾರೆ. ಸಿದ್ಧಾಂತಪಕ್ಷ ಇನ್ನೂ ರಚನೆಯಾಗಿಲ್ಲ.

ಆಕರದ ಮಿತಿ

ಪ್ರಾಮಾಣಿಕ ಸಂಶೋಧಕ ತನ್ನ ಆಕರವನ್ನೂ ಪರೀಕ್ಷೆಗೆ ಒಡ್ಡಬೇಕು. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿಯಿದೆ. ಇಲ್ಲಿನ ಶಿವಾಲಯದ ಅತಿ ಹಳೆಯ ದಾಖಲೆ ಸುಮಾರು ಕ್ರಿ.ಶ. 806ರದು, ನೊಳಂಬರ ಮತ್ತು ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ್ದು. ಮುಂದೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಏನಾದರೊಂದು ಸೇರಿಸಿದರು. ಅರುಣಾಚಲೇಶ್ವರ, ಭೋಗನಂದೀಶ್ವರ, ಇಬ್ಬರ ನಡುವೆ ಉಮಾಮಹೇಶ್ವರ. ಅಲ್ಲಿನ ಕಲ್ಯಾಣಮಂಟಪದ ಕಂಬಗಳ ಕೆತ್ತನೆಯನ್ನು ನೋಡಿ ಮುಗಿಸಲು ಒಂದು ಬೆಳಗು ಸಾಲದು. ಆಚೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿತೀರ್ಥ. ಮೇಲಿನ ಕೋಟೆಗಾಗಿ ಗುಂಡು ಹಾರುವುದಕ್ಕೆ ಸುಮಾರು ಸಾವಿರ ವರ್ಷ ಮುಂಚೆಯೇ ಇಲ್ಲಿ ಪೂಜೆ ನಡೆಯುತ್ತಿತ್ತು. ಇದರ ಬಗ್ಗೆ ತೊಡೆಯನ್ನು ಕೇಳಿದರೆ, ನೆರಳು ಚೆನ್ನಾಗಿತ್ತು ಎನ್ನುತ್ತದೆ. ಸವಾರನ ಫೋಟೋದಲ್ಲಿ ಸೈಕಲ್ ಮುಂದೆ, ಸಾವಿರದಿನ್ನೂರು ವರ್ಷದ ಗುಡಿ ಹಿಂದೆ, ಅದೂ ಮಸುಕಾಗಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇಲ್ಲಿಗೆ ಸಮೀಪದಲ್ಲೇ ಇದೆ. ಅಲ್ಲಿ ಏರಿಲ್ಲವಾದ್ದರಿಂದ ತೊಡೆಗೆ ಅದರ ಸುಳಿವೇ ಇಲ್ಲ.

ಬೆಟ್ಟದ ಮೇಲಿನದಕ್ಕೂ ಈ ಆಕರ ಪೂರ್ತಿ ನ್ಯಾಯ ಸಲ್ಲಿಸುವುದಿಲ್ಲ. ಕಮಿಷನರ್ ಮಾರ್ಕ್ ಕಬ್ಬನ್ ಬೇಸಗೆ ಕಳೆಯಲು ಇಲ್ಲಿ ಬಂಗಲೆ ಮಾಡಿಕೊಂಡಿದ್ದ. 1927ರಲ್ಲಿ ಗಾಂಧೀಜಿ ಬಂದು ತಂಗಿದ್ದು ಕೆಟ್ಟ ಆರೋಗ್ಯ ಸುಧಾರಿಸಿಕೊಳ್ಳಲು. ಇಬ್ಬರೂ ದಣಿವಾರಿಸಿಕೊಳ್ಳಲು ಬಂದವರು. ದಣಿಯಲೆಂದೇ ಬರುವವರ ಕಾಲ ಆಮೇಲಿನದು, ಅದರ ಕಾಲನಿರ್ಣಯ ಇನ್ನೂ ಆಗಬೇಕಾಗಿದೆ.

ಈ ಕಾರ್ಯವನ್ನು ಮುಂದುವರಿಸಲು ಇಚ್ಛಿಸುವ ಸಂಶೋಧಕರಲ್ಲಿ ಒಂದು ವಿನಂತಿ. ಕ್ಷೇತ್ರಕಾರ್ಯಕ್ಕೆ ಶಾಸನ ಸಂಪುಟಗಳನ್ನು ಹೊತ್ತು ತರುವ ಅಗತ್ಯವಿಲ್ಲ. ಪಂಪು ಮತ್ತು ಪಂಚರ್ ಕಿಟ್ ಮಾತ್ರ ತಾವೇ ತರಬೇಕು, ಪ್ರಬಂಧಕಾರನದನ್ನು ಕೇಳಬಾರದು.