ಮೀಸೆಯ ಬಾಲಗೋಪಾಲ

ಯಕ್ಷಗಾನದಲ್ಲಿ ವೇಷ ಕಟ್ಟುವುದಕ್ಕೂ ಭಡ್ತಿಯ ಕ್ರಮವಿದೆ. ಮೇಳ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಹೆಜ್ಜೆ ಗಟ್ಟಿಯಾಗಿ ಅದೃಷ್ಟವೂ ಕೂಡಿಬಂದರೆ ಒಂದು ದಿನ ಎರಡನೇ ವೇಷ. ಮೀಸೆ ಚಿಗುರುವ ಮೊದಲೇ ಹುಡುಗರು ಕಾಲಿಡುತ್ತಿದ್ದ ಈ ದಾರಿಗೆ ನಾನು ಮೀಸೆ ನರೆತ ಮೇಲೆ ಬಂದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹಿರಿಯರಿಗೆಂದೇ ನಡೆಯುವ ಬಡಗುತಿಟ್ಟಿನ ಹೆಜ್ಜೆ ತರಗತಿ ಅದು. "ನಮಗೆ ಭಡ್ತಿ ಬೇಗ ಕೊಡಬೇಕು ಗುರುಗಳೇ, ಕಾಯುವಷ್ಟು ಸರ್ವೀಸ್ ಯಾರಿಗೂ ಉಳಿದಿಲ್ಲ" ಎಂದು ಮೊದಲ ದಿನವೇ ಒಬ್ಬರು ಅಹವಾಲು ಸಲ್ಲಿಸಿದರು.

ನಿವೃತ್ತನಾದ ಮೇಲೆ ನನಗೆ ಏನಾದರೊಂದು ಕಲಿಸಿಯೇ ಸೈ ಎಂದು ಮನೆಯವರೆಲ್ಲ ಹೊರಟಿದ್ದರು. ಎದುರುಮನೆಯವರು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಎಂ.ಎ. ಕಟ್ಟಿ, ಕಸದ ಗಾಡಿಗೆ ಕಾಯುವಾಗಲೂ ಹೊಯ್ಸಳರ ವಂಶಾವಳಿ ಒಪ್ಪಿಸುತ್ತಿದ್ದರು. ಮೆದುಳಿಗೆ ಒಳ್ಳೆಯದೆಂದು ಮಗ ಸುಡೊಕು ಪುಸ್ತಕ ತಂದ. ಸಂಸ್ಕೃತ ಸಂಭಾಷಣೆಗೂ ಹೋದೆ. 'ಮಮ ನಾಮ' ಎಂಬಲ್ಲಿಗೆ ನಿಂತಿತು.

ಹೆಜ್ಜೆ ತರಗತಿಯಲ್ಲಿ ಅರ್ಧಕ್ಕರ್ಧ ನಮ್ಮ ಕರಾವಳಿಯ ಬ್ಯಾಂಕಿನವರೇ. 2019ರಲ್ಲಿ ವಿಜಯ ಬ್ಯಾಂಕು ಬರೋಡಾಕ್ಕೆ ಸೇರಿತು. ಮರುವರ್ಷ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ನಿಗೆ. ಹೀಗಾಗಿ ನಾವು ಇಲ್ಲದ ಬ್ಯಾಂಕುಗಳ ಇನ್ನೂ ಇರುವ ಪಿಂಚಣಿದಾರರು. ಜೀವಮಾನವಿಡೀ ಲೆಡ್ಜರ್ ತಾಳೆ ನೋಡಿದ ನಮಗೆ ತ್ರಿವುಡೆ ತಾಳದ ಏಳು ಅಕ್ಷರ ಮಾತ್ರ ತಾಳೆಯಾಗುವುದಿಲ್ಲ. ಕೆಲವರದು ಆರಕ್ಕೆ ಮುಗಿಯುತ್ತದೆ, ನನ್ನದು ಎಂಟಕ್ಕೆ ಹೋಗುತ್ತದೆ. "ಸಾರ್, ಒಂದು ಹೆಚ್ಚಾಯ್ತು" ಎಂದರು ಗುರುಗಳು. "ಸಸ್ಪೆನ್ಸ್ ಅಕೌಂಟಿಗೆ ಹಾಕಿ" ಎಂದೆ.

ಗುರುಗಳಿಗೆ ನನ್ನ ಕಿರಿಮಗನ ಪ್ರಾಯ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಭಾನುವಾರ ನಾವು. ಮೊದಲ ದಿನ ಅವರ ಕಾಲಿಗೆ ನಮಸ್ಕರಿಸಲು ಬಗ್ಗಿದೆವು. ಅವರು ಹೌಹಾರಿ ಹಿಂದೆ ಸರಿದರು. ಬಗ್ಗಿದ್ದಕ್ಕಲ್ಲ, ಏಳುವಾಗ ನಮ್ಮೆಲ್ಲರಿಂದ ಹೊರಟ ಸದ್ದಿಗೆ.

ವಾರ್ಷಿಕೋತ್ಸವಕ್ಕೆ ನನಗೆ ಬಾಲಗೋಪಾಲದ ಕೃಷ್ಣ ಬಂತು. ಬಲರಾಮ ಕಾರ್ಪೊರೇಷನ್ ಬ್ಯಾಂಕಿನವರು, ಬೈಪಾಸ್ ಆದವರು. ಚೌಕಿಯಲ್ಲಿ ಬಣ್ಣ ಬರೆಯುವವರು ನನ್ನ ಮೀಸೆ ನೋಡಿ ಕುಂಚ ಕೆಳಗಿಟ್ಟರು. ಮೀಸೆ ತೆಗೆಯಲಾರೆ ಎಂದೆ. ಬಾಲಕೃಷ್ಣನಿಗೆ ಮೀಸೆ ಯಾವ ಪ್ರಸಂಗದಲ್ಲಿದೆ ಎಂದರು. ಕೊನೆಗೆ ಬಣ್ಣದ ಮೇಲೆ ಬಣ್ಣ ಮೆತ್ತಿ, ಅದರ ಮೇಲೆ ಪೌಡರು ತಟ್ಟಿ ಮೀಸೆಯನ್ನು ಹೂತುಹಾಕಿದರು. ಮೂಗಿನ ಕೆಳಗೆ ಸಣ್ಣದೊಂದು ದಿಣ್ಣೆ ಉಳಿಯಿತು. "ನಗಬೇಡಿ, ಬಿರುಕು ಬಿಡುತ್ತದೆ" ಎಂದು ಎಚ್ಚರಿಸಿ ಮುಂದಿನವರನ್ನು ಕರೆದರು.

ಮೊಣಕಾಲೂರಿ ಸುತ್ತುವ ಮಂಡಿ ಹಾಕುವುದು ನಮ್ಮ ಪಠ್ಯದಲ್ಲೇ ಇಲ್ಲ. ಛಾಪಾಕಾಗದದ ಮೇಲೆ ಬರೆಸಿಕೊಳ್ಳುವುದೊಂದು ಬಿಟ್ಟು ಉಳಿದೆಲ್ಲ ರೀತಿಯಲ್ಲೂ ಗುರುಗಳು ಅದನ್ನು ನಿಷೇಧಿಸಿದ್ದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿಯೂ ಕುಣಿಯುತ್ತಿದ್ದರು ಎಂದು ನಾನು ಮನೆಯಲ್ಲಿ ವಾದಿಸಿದ್ದುಂಟು. "ಅವ್ರದ್ ಹುಡ್ಗ್ರ್ ಪ್ರಾಯದಾಗೇ ಸುರು, ನಿಮ್ದ್ ಪೆನ್ಶನ್ ಬಂದ್ ಮೇಲೆ" ಎಂದಿದ್ದಳು ಹೆಂಡತಿ. ಇಷ್ಟೆಲ್ಲ ಗೊತ್ತಿದ್ದೂ, ರಂಗಕ್ಕೆ ಬಂದು ನೋಡುತ್ತೇನೆ, ಎದುರಿನ ಸಾಲಿನಲ್ಲಿ ಕೋಟದ ನನ್ನ ಹೈಸ್ಕೂಲು ಸಹಪಾಠಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಶಾಲೆಯ ಓಟದಲ್ಲಿ ನನ್ನನ್ನು ಪ್ರತಿ ಸಲ ಹಿಂದೆ ಹಾಕಿದವನು. ಅವನ ಮುಖ ಕಂಡದ್ದೇ ಮಂಡಿ ಊರಿದೆ.

ಒಂದು ಸುತ್ತು ಚೆನ್ನಾಗಿಯೇ ಬಂತು. ಎರಡನೆಯದು ಅರ್ಧಕ್ಕೆ ನಿಂತಿತು, ಪ್ರೇಕ್ಷಕರಿಗೆ ನನ್ನ ಬೆನ್ನು ಬರುವಂತೆ. ಏಳಬೇಕೆಂದು ಮನಸ್ಸು ಹೇಳಿತು. ಮೊಣಕಾಲು ಕೇಳಿಸಿಕೊಳ್ಳಲಿಲ್ಲ. ಭಾಗವತರಿಗೆ ಇದೇನೋ ಹೊಸ ಕ್ರಮ ಅನ್ನಿಸಿರಬೇಕು, ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಂಡರು. ಕೂತಲ್ಲೇ ಕೈಯಲ್ಲಿ ಕೊಳಲೂದುವ ಅಭಿನಯ ಮಾಡಿದೆ. ಪಲ್ಲವಿ ಮತ್ತೆ ಬಂತು. ಬೆಣ್ಣೆ ಮೆಲ್ಲುವ ಅಭಿನಯ ಮಾಡಿದೆ. ಮತ್ತೂ ಬಂತು. ಬೆಣ್ಣೆ ಮುಗಿದು ಮಣ್ಣು ತಿಂದೆ. ಬಲರಾಮರು ಹೆಜ್ಜೆ ಬಿಡದೆ ನನ್ನ ಸುತ್ತ ಬಂದರು.

"ಏಳಿ ಮಾರಾಯ್ರೆ."

"ಕೈ ಕೊಟ್ಟು ಎಳೀರಿ."

"ಭಾರ ಎತ್ತಬಾರದು ಅಂದಿದಾರೆ ಡಾಕ್ಟ್ರು" ಎಂದು ಧೀಂಗಿಣ ಹಾಕುತ್ತ ಆಚೆಗೆ ಹೋದರು.

ಇಷ್ಟು ಹೊತ್ತಿಗೆ ಭಾಗವತರಿಗೆ ವಿಷಯ ತಿಳಿಯಿತು. ಹುಮ್ಮಸ್ಸು ಬಂದು ಎದ್ದಾನೆಂದು ಕಾಲ ಏರಿಸಿದರು. ಚಂಡೆ ಮೊಳಗಿತು. ನನ್ನ ಎದೆಯೊಂದು ಬಿಟ್ಟು ಬೇರೇನೂ ಏಳಲಿಲ್ಲ. ಆಗ ಕತ್ತಲಿನಿಂದ ಮೊಮ್ಮಗನ ದನಿ: "ಅಜ್ಜಾ, ಕುರ್ಚಿ ತರ್ಲಾ?"

ಗುರುಗಳು ಕೋಡಂಗಿಗಳನ್ನು ಮತ್ತೆ ರಂಗಕ್ಕೆ ಕಳಿಸಿದರು. ತಮ್ಮ ಪಾಳಿ ಮುಗಿಸಿ ಕಾಫಿ ಕುಡಿಯುತ್ತಿದ್ದ ಇಬ್ಬರು. ಅವರಲ್ಲೊಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಆ ತಾಯಿ ತಾಳಕ್ಕೆ ಸರಿಯಾಗಿ ಬಂದು ನನ್ನ ರಟ್ಟೆ ಹಿಡಿದು, ತಾಳಕ್ಕೆ ಸರಿಯಾಗಿ ಎತ್ತಿ, ಸಭೆಗೆ ಮುಖ ಮಾಡಿ ನಿಲ್ಲಿಸಿದರು. ಅಷ್ಟರಲ್ಲಿ ಬೆವರಿಗೆ ಬಣ್ಣ ಕರಗಿ ಮೀಸೆ ಪೂರ್ತಿ ಹೊರಬಂದಿತ್ತು. ಚಪ್ಪಾಳೆಯೋ ಚಪ್ಪಾಳೆ. ಸಹಪಾಠಿಯಂತೂ ಎದ್ದು ನಿಂತೇ ತಟ್ಟಿದ. ನಾಚಿಕೆಯಾಯಿತೇ ಎಂದರೆ ಆಯಿತು. ಆದರೆ ಅಷ್ಟು ಚಪ್ಪಾಳೆ ನನಗೆ ಬೀಳ್ಕೊಡುಗೆಯ ದಿನವೂ ಬಿದ್ದಿರಲಿಲ್ಲ.

ನನಗೆ ಸಿಟ್ಟು ಬಂದದ್ದು ಆಮೇಲೆ. ಮುಖ್ಯ ಅತಿಥಿಗಳು ಶಾಲು ಹೊದೆಸಿ, ಈ ವಯಸ್ಸಿನಲ್ಲೂ ಎಂಥ ಉತ್ಸಾಹ ಎಂದು ಬಣ್ಣಿಸಿದರು. ತಾಳ ತಪ್ಪಿದ್ದರ ಸುದ್ದಿಯೇ ಇಲ್ಲ. ಆರಕ್ಕೆ ಮುಗಿಸಿದವರಿಗೂ ಶಾಲು, ಎಂಟಕ್ಕೆ ಮುಗಿಸಿದವನಿಗೂ ಶಾಲು. ಹಿರಿಯರಿಗೆ ಕಲಿಸಲು ಹೊರಟವರು ಹಿರಿಯರನ್ನು ಬೈಯಲಿಕ್ಕೂ ತಯಾರಿರಬೇಕಲ್ಲವೇ? ಬೈಗುಳವಿಲ್ಲದ ತರಗತಿಯಲ್ಲಿ ನಾನೇನು ಕಲಿಯುತ್ತಿದ್ದೇನೆ, ಕಾಲಕ್ಷೇಪವನ್ನೇ?

ಚೌಕಿಯಲ್ಲಿ ನನ್ನ ಕಸೆ ಬಿಚ್ಚುತ್ತ ಗುರುಗಳು ತಮ್ಮ ತಂದೆಯ ವಿಷಯ ಹೇಳಿದರು. ಮನೆಯಲ್ಲಿ ಊಟಕ್ಕೆ ಕಷ್ಟವೆಂದು ಹನ್ನೊಂದರ ಹುಡುಗನನ್ನು ಮೇಳಕ್ಕೆ ಬಿಟ್ಟಿದ್ದರಂತೆ. ದೀಪಾವಳಿ ಕಳೆದು ಹೊರಟರೆ ಮಳೆಗಾಲದ ಬಾಗಿಲಿಗೆ ಮನೆ. ವೇಷದ ಪೆಟ್ಟಿಗೆಗೆ ಒರಗಿ ನಿದ್ದೆ ಹೋದವನನ್ನು ಯಾರೋ ಕಾಲಲ್ಲಿ ಒದ್ದು ಎಬ್ಬಿಸುವುದು, ಕಣ್ಣುಜ್ಜುತ್ತಲೇ ಕೋಡಂಗಿಯಾಗಿ ರಂಗಕ್ಕೆ ಓಡುವುದು. ಹೆಜ್ಜೆ ತಪ್ಪಿದರೆ ಬೆನ್ನಿಗೆ ಜಾಗಟೆಯ ಕೋಲು. ಅವರು ಇದನ್ನು ನನಗೆ ಚುಚ್ಚಲು ಹೇಳಿದ್ದಲ್ಲ, ಗಂಟು ಬಿಡಿಸುವಾಗ ಏನಾದರೂ ಮಾತಾಡಬೇಕಲ್ಲ ಎಂದು ಹೇಳಿದ್ದು. ಆದರೂ ಹೆಗಲ ಮೇಲಿದ್ದ ಶಾಲನ್ನು ಮಡಿಸಿ ಚೀಲಕ್ಕೆ ಹಾಕಿದೆ. "ನನಗೂ ಬೈಯಿರಿ ಗುರುಗಳೇ" ಎಂದೆ. ಅವರು ನಕ್ಕು ಸುಮ್ಮನಾದರು.

ಮುಂದಿನ ಭಾನುವಾರ ಬೈದರು. "ಅಲ್ಲ ಸಾರ್, ಇಷ್ಟು ಸಲ ಹೇಳಿದರೂ ಆ ಎಂಟನೇ ಅಕ್ಷರ ಎಲ್ಲಿಂದ ತರ್ತೀರಿ? ತಲೆ ಎಲ್ಲಿಟ್ಟು ಬಂದಿದೀರಿ?" ಎಂದು ಎಲ್ಲರೆದುರು ಗದರಿದರು. ಬಲರಾಮರ ಮುಖದಲ್ಲಿ ಮತ್ಸರ ಎದ್ದು ಕಾಣುತ್ತಿತ್ತು. ಅದೇ ದಿನ ನನಗೆ ಭಡ್ತಿಯೂ ಆಯಿತು: ಬರುವ ವರ್ಷ ಪೀಠಿಕೆ ಸ್ತ್ರೀವೇಷ. ಮಂಡಿ ಹಾಕಿದರೆ ಹೆಸರು ಹೊಡೆಯುತ್ತೇನೆ ಎಂದರು. ಜೊತೆಗೆ ಇನ್ನೊಂದು ಷರತ್ತು, ಈ ಸಲ ಬಣ್ಣ ಮೆತ್ತುವ ಮಾತೇ ಇಲ್ಲ, ಮೀಸೆ ತೆಗೆಯಲೇಬೇಕು.

ಮನೆಗೆ ಬಂದು ಹೆಂಡತಿಯ ಮುಂದೆ ಗಂಭೀರವಾಗಿ ವಿಷಯ ಮಂಡಿಸಿದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು. ತಲೆಯೆತ್ತಿ ನನ್ನ ಮೀಸೆಯನ್ನೊಮ್ಮೆ ದಿಟ್ಟಿಸಿದಳು.

"ತೆಗ್ದ್ ಹಾಕಿ ಅತ್ಲಾಗ್. ಆರೆ ನನ್ ಧಾರೆ ಸೀರೆ ಮಾತ್ರ ಕೇಳುಕಾಗ, ಹಾಂ."