ಅಟ್ಟದ ಮೇಲಿನ ನಾಯಿ ಪ್ಲೇಟು

ಅಲ್ರೀ, ಅಟ್ಟ ಗುಡಿಸುವಾಗ ಒಂದು ಕಟ್ಟು ಗ್ರಾಮಫೋನ್ ಪ್ಲೇಟು ಸಿಕ್ಕಿತೆಂದರೆ ಸಾಕು, ಮನೆಮಂದಿಯೆಲ್ಲ ಆಗಲೇ ಲಾಟರಿ ಹೊಡೆದವರ ಹಾಗೆ ಓಡಾಡುತ್ತಾರೆ. ‘ನೂರು ವರ್ಷದ್ದಂತೆ, ಲಕ್ಷ ಬಾಳುತ್ತಂತೆ’ ಅಂತ ಬೀದಿಯ ಆ ತುದಿಯವರೆಗೂ ಸುದ್ದಿ. ನಾನು ಕಾಂಪೌಂಡಿನ ಈ ಕಡೆಯಿಂದಲೇ ಹೇಳಿಬಿಡುತ್ತೇನೆ, ಕೇಳಿಸಿಕೊಳ್ಳಿ: ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ಪ್ಲೇಟಿಗೂ ಬೆಲೆ ಬರುವುದಿಲ್ಲ. ಪಕ್ಕದ ಮನೆಯ ಅಟ್ಟದಲ್ಲಿ ಅದು ಇಲ್ಲದಿದ್ದರೆ ಮಾತ್ರ ಬೆಲೆ.

ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತವನ್ನೇ ತೆಗೆದುಕೊಳ್ಳಿ. 1963ರಲ್ಲಿ ಎಚ್.ಎಂ.ವಿ. ಹೊರತಂದ ಎಲ್‌ಪಿ. ನಮ್ಮ ಕಡೆ ಪ್ಲೇಯರ್ ಇದ್ದ ಮನೆಯಲ್ಲಿ ಅದು ಇಲ್ಲ ಅಂತಿರಲಿಲ್ಲ. ದಿನಾ ಬೆಳಗ್ಗೆ ಹಾಕಿ ಹಾಕಿ ಗೆರೆಯೆಲ್ಲ ಸವೆದಿದೆ. ಪುಣ್ಯ ಬಹಳ, ದುಡ್ಡು ಕಮ್ಮಿ. ಇನ್ನೊಂದು ಕಡೆ ನೋಡಿ, ಚರಣ್‌ಜಿತ್ ಸಿಂಗ್ ಅಂತ ಮುಂಬೈ ಸಿನಿಮಾ ವಾದ್ಯಗೋಷ್ಠಿಯವರು ಒಬ್ಬರಿದ್ದರು. 1982ರಲ್ಲಿ ಕುಳಿತು ಸಿಂಥಸೈಜರಿನಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಆಗ ಯಾರೂ ಮೂಸಿ ನೋಡಲಿಲ್ಲ. 2010ರಲ್ಲಿ ಅದು ಮರುಮುದ್ರಣವಾದಾಗ ಯೂರೋಪಿನ ಕುಣಿತದ ಮಂದಿ ‘ಅಯ್ಯೋ, ನಮಗಿಂತ ಮೊದಲೇ ಇವರು ಹೀಗೆ ಬಾರಿಸಿದ್ದರಾ’ ಅಂತ ಬಾಯಿಬಿಟ್ಟರು. ಅಂದು ಮಾರಾಟವಾಗದೆ ಉಳಿದದ್ದಕ್ಕೇ ಇಂದು ಗಿರಾಕಿ.

ಬೀಟಲ್ಸ್ ಕಥೆ ಇನ್ನೂ ಚೆಂದ. ಇಂಗ್ಲೆಂಡ್, ಅಮೆರಿಕದಲ್ಲಿ 1960ರ ಹೊತ್ತಿಗೆ ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟಿಗೆ ಎಳ್ಳುನೀರು ಬಿಟ್ಟಾಗಿತ್ತು. ನಮ್ಮಲ್ಲಿ ಕರೆಂಟಿಲ್ಲದ ಮನೆಗಳು, ಕೀ ಕೊಡುವ ಪೆಟ್ಟಿಗೆಗಳು ಬೇಕಾದಷ್ಟು ಇದ್ದವಲ್ಲ, ಆ ಗಿರಾಕಿಗಳಿಗಾಗಿ ಕಲ್ಕತ್ತೆಯ ಡಮ್ ಡಮ್ ಕಾರ್ಖಾನೆಯವರು ಬೀಟಲ್ಸ್ ಹಾಡುಗಳನ್ನೂ 78ರಲ್ಲೇ ಒತ್ತಿದರು. ಲಿವರ್‌ಪೂಲಿನ ಹುಡುಗರ ಹಾಡು, ಅರಗಿನ ತಟ್ಟೆ! ಇವತ್ತು ಪ್ರಪಂಚದ ಸಂಗ್ರಾಹಕರು ಅದಕ್ಕೆ ಬಾಯಿ ಬಾಯಿ ಬಿಡುತ್ತಾರೆ. ನಿಮ್ಮ ಕಟ್ಟಿನಲ್ಲಿ ಅಂಥದ್ದೊಂದಿದ್ದರೆ ಮೊದಲು ನನ್ನನ್ನು ಕರೆಯಿರಿ, ಆಮೇಲೆ ಅಳಿಯನಿಗೆ ಹೇಳಿ.

ಗುರುತು ಹಿಡಿಯುವುದು ಹೇಗೆ ಅಂತೀರಾ? ಕೈಗೆತ್ತಿಕೊಂಡರೇ ಅರ್ಧ ಗೊತ್ತಾಗುತ್ತದೆ. ತೂಕವಾಗಿ, ಬಾಗದೆ, ಕೈ ಜಾರಿದರೆ ಹಪ್ಪಳದಂತೆ ಚೂರಾಗುವುದು ಅರಗಿನದು. ನಿಮಿಷಕ್ಕೆ 78 ಸುತ್ತು, ಹತ್ತಿಂಚಿನದಾದರೆ ಬದಿಗೆ ಮೂರು ನಿಮಿಷದ ಹಾಡು. ಹಗುರವಾಗಿ ಬಾಗುವುದು ವಿನೈಲ್. ಎಚ್.ಎಂ.ವಿ. ಲೇಬಲ್ಲಿನ ನಾಯಿ ನೋಡಿ ಮರುಳಾಗಬೇಡಿ; ಆ ನಾಯಿ ಲಕ್ಷಾಂತರ ಪ್ಲೇಟಿನ ಮೇಲೆ ಕೂತಿದೆ. ಹಾಡು ಮುಗಿದ ಮೇಲೆ, ಲೇಬಲ್ಲಿಗೆ ಮೊದಲು, ಗೆರೆಯಿಲ್ಲದ ಒಂದು ನುಣುಪಾದ ಉಂಗುರ ಇರುತ್ತದಲ್ಲ, ಅಲ್ಲಿ ಸಣ್ಣದಾಗಿ ಕೊರೆದ ಅಕ್ಷರ, ಅಂಕಿ ಇರುತ್ತದೆ. ಪ್ಲೇಟಿನ ಜಾತಕ ಅದೇ. ಯಾವ ಧ್ವನಿಮುದ್ರಣ, ಮೊದಲ ಒತ್ತೋ ಆಮೇಲಿನದೋ ಎಂಬುದನ್ನು ಬಲ್ಲವರು ಅಲ್ಲಿಂದಲೇ ಬಗೆಹರಿಸುತ್ತಾರೆ. ಲೇಬಲ್ಲಿನ ಅಂಚಿನ ಪುಟ್ಟ ಬರಹವನ್ನೂ ಬಿಡಬೇಡಿ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಗುವ ಮುಂಚೆ ನಮ್ಮ ಹಾಡುಗಳು ಹೆಚ್ಚಾಗಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಹಡಗಿನಲ್ಲಿ ವಾಪಸು ಬರುತ್ತಿದ್ದವು. ಹ್ಯಾನೋವರ್ ಅಂತ ಇದ್ದು, ಒಂದೇ ಬದಿಗೆ ಹಾಡಿದ್ದರೆ ಕುರ್ಚಿ ಎಳೆದುಕೊಂಡು ಕೂರಿ.

ಕಲ್ಕತ್ತೆಯ ಗೌಹರ್ ಜಾನ್ 1902ರಲ್ಲಿ ಹಾಡಿ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದುದು ಈ ಹ್ಯಾನೋವರಿನವರಿಗಾಗಿಯೇ. ಭಾಷೆ ಗೊತ್ತಿಲ್ಲದ ಅವರಿಗೆ ಯಾವ ಪ್ಲೇಟಿಗೆ ಯಾವ ಲೇಬಲ್ ಅಂಟಿಸುವುದು ಅಂತ ತಿಳಿಯಬೇಕಲ್ಲ. ಅಷ್ಟು ಠೀವಿಯ ಹೆಂಗಸು ಕಡೆಗಾಲದಲ್ಲಿ ಬಂದದ್ದು ನಮ್ಮ ಮೈಸೂರಿಗೆ: 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಪ್ಲೇಟಿನ ವಿಷಯದಲ್ಲಿ ಮೈಸೂರಿನ ಋಣ ದೊಡ್ಡದು ಕಣ್ರೀ. ಜಯಚಾಮರಾಜ ಒಡೆಯರ್ ಅವರಿಗಂತೂ ರೆಕಾರ್ಡಿನ ಹುಚ್ಚು. ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿ ಕೂತಿದ್ದ ರಷ್ಯದ ನಿಕೊಲಾಯ್ ಮೆಡ್ನರ್ ಅವರ ಪಿಯಾನೊ ಕೃತಿಗಳನ್ನು ಎಚ್.ಎಂ.ವಿ.ಯಲ್ಲಿ ಮುದ್ರಿಸಲು ದುಡ್ಡು ಕೊಟ್ಟವರು ಇವರೇ. ಆತ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. ಮೆಡ್ನರ್ ಸೊಸೈಟಿಯ ಆ ಪ್ಲೇಟುಗಳ ಆಲ್ಬಮ್ ಎಲ್ಲಾದರೂ ಕಂಡರೆ ಗುಜರಿಗೆ ಹಾಕೀರಿ ಜೋಕೆ.

ಇನ್ನು ಸ್ಥಿತಿ. ಇಲ್ಲೇ ನಮ್ಮವರೆಲ್ಲ ಮೋಸ ಹೋಗುವುದು. ಮದುವೆ, ಜಾತ್ರೆಗೆ ಬಾಡಿಗೆ ಕೊಡುತ್ತಿದ್ದ ಮೈಕ್ ಸೆಟ್ಟಿನವರ ಪ್ಲೇಟು ಅಂದರೆ ನಾನು ಮುಟ್ಟುವುದೇ ಇಲ್ಲ. ಒಂದೊಂದೂ ಸಾವಿರ ಮದುವೆ ಕಂಡಿರುತ್ತದೆ. ದೀಪದಡಿ ಓರೆ ಹಿಡಿದು ನೋಡಿ. ಉಗುರಿಗೆ ಸಿಗದ ಕೂದಲೆಳೆ ಗೀರು ಪರವಾಗಿಲ್ಲ, ಉಗುರು ತಡೆದರೆ ಅರ್ಧ ಬೆಲೆ ಹೋಯಿತು. ಅಂಚು ಬಿರಿದಿದ್ದರೆ ಮುಕ್ಕಾಲು. ವಿನೈಲಿನಲ್ಲಿ ಕವರಿಗೂ ಅಷ್ಟೇ ಮರ್ಯಾದೆ. ರಾಜ್‌ಕುಮಾರ್ ಚಿತ್ರಗಳ ಪುಟ್ಟ ಇಪಿಗಳನ್ನು ಹುಡುಕುವವರು ಮೊದಲು ನೋಡುವುದು ಕವರಿನ ಬಣ್ಣ ಮಾಸಿಲ್ಲವಾ ಅಂತ. ಅದರ ಮೇಲೆ ಮಾವನೋ ಚಿಕ್ಕಪ್ಪನೋ ಪೆನ್ನಿನಲ್ಲಿ ‘ಇದು ನನ್ನ ಸ್ವತ್ತು’ ಅಂತ ಬರೆದಿಟ್ಟಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆ. ನನಗೇನೋ ಆ ಬರಹವೇ ಇಷ್ಟ, ಆದರೆ ಪೇಟೆ ನನ್ನ ಮಾತು ಕೇಳುವುದಿಲ್ಲ.

ಧೂಳು ಕಂಡಿತೆಂದು ಸ್ಪಿರಿಟ್ ಹಾಕಿ ಉಜ್ಜಿಬಿಟ್ಟೀರಿ ಮತ್ತೆ! ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹಾಡೂ ಅದರ ಜೊತೆಗೇ. ಕೀ ಕೊಡುವ ಪೆಟ್ಟಿಗೆಯ ಉಕ್ಕಿನ ಮುಳ್ಳನ್ನು ಎಲ್‌ಪಿ ಮೇಲೆ ಇಟ್ಟರೂ ಅಷ್ಟೇ, ಒಂದೇ ಸಲಕ್ಕೆ ಉತ್ತುಹಾಕುತ್ತದೆ. ಪೇಟೆಯಲ್ಲಿ ಫಳಫಳ ಹಿತ್ತಾಳೆ ಕೊಳವೆ ಇಟ್ಟುಕೊಂಡು ‘ಬ್ರಿಟಿಷರ ಕಾಲದ್ದು’ ಅನ್ನುತ್ತಾರಲ್ಲ, ಅವುಗಳಲ್ಲಿ ಬಹುಪಾಲು ನಿನ್ನೆ ಮೊನ್ನೆ ಜೋಡಿಸಿದವು. ಅದನ್ನು ಕೊಳ್ಳುವ ದುಡ್ಡಿನಲ್ಲಿ ಒಂದು ಸಾಧಾರಣ ಟರ್ನ್‌ಟೇಬಲ್ ಬರುತ್ತದೆ. 78ಕ್ಕೆ ದಪ್ಪ ಮುಳ್ಳು, ಎಲ್‌ಪಿಗೆ ಸಣ್ಣ ಮುಳ್ಳು ಬೇಕೆಂದು ಮಾತ್ರ ಅಂಗಡಿಯವನಿಗೆ ಹೇಳಿ.

ಕಟ್ಟಿನಲ್ಲಿ ಕನ್ನಡ ನಾಟಕದ್ದೋ ಹರಿಕಥೆಯದ್ದೋ ಹಳೇ 78 ಇದ್ದರೆ ದರ ಕೇಳುವ ಮೊದಲು ಅದರ ದನಿಯನ್ನು ಪ್ರತಿ ಮಾಡಿಸಿಡಿ. ಇಂಥ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸುವ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ನಮ್ಮ ಬೆಂಗಳೂರಿನಲ್ಲೇ ಇದೆ. ಮಾರುವುದು ಆಮೇಲೆ ಇದ್ದೇ ಇದೆ. ಮಳೆ ಹಿಡಿಯುವ ಮುಂಚೆ ಆ ಕಟ್ಟನ್ನು ಕೆಳಗಿಳಿಸಿ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ.