ಲೋಹಶೋಧಕ ದ್ವಾರಮಹಾಶಯರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಹೊಸ್ತಿಲಿನಲ್ಲಿ ಉಷಃಕಾಲದಿಂದ ನಡುರಾತ್ರಿಯ ಸಮೀಪದವರೆಗೂ ನಿಂತ ಕಾಲಿನಲ್ಲೇ ಸೇವೆ ಸಲ್ಲಿಸುತ್ತಿರುವ ಶ್ರೀಮಾನ್ ಲೋಹಶೋಧಕ ದ್ವಾರಮಹಾಶಯರ ಸನ್ನಿಧಿಗೆ, ತಮ್ಮ ಚೌಕಟ್ಟಿನೊಳಗಿಂದ ಹಾದುಹೋಗುವ ಲಕ್ಷಾಂತರ ಪ್ರಯಾಣಿಕರಲ್ಲಿ ಒಬ್ಬನ ಸಾದರ ನಮಸ್ಕಾರಗಳು. ಇತ್ತ ಕ್ಷೇಮ, ವಿದ್ಯುತ್ತು ಇರುವ ತನಕ ಅತ್ತಲೂ ಕ್ಷೇಮವೆಂದು ನಂಬಿದ್ದೇನೆ. ಉಭಯಕುಶಲೋಪರಿ ಸಾಂಪ್ರತ.

ಮೊದಲಿಗೆ ತಮ್ಮ ಸಮದೃಷ್ಟಿಯನ್ನು ಶ್ಲಾಘಿಸದೆ ಮುಂದುವರಿಯುವುದು ಅಪಚಾರವಾದೀತು. ಗುಮಾಸ್ತನ ಬೀಗದ ಕೈಗೊಂಚಲು, ವಿದ್ಯಾರ್ಥಿಯ ಬೆಲ್ಟಿನ ಬಿಲ್ಲೆ, ಕೂಲಿಯವನ ಊಟದ ಡಬ್ಬಿ, ಅಜ್ಜಿಯ ಅಡಕೆಕತ್ತರಿ, ಇವುಗಳಲ್ಲಿ ಯಾವುದಕ್ಕೂ ಪಕ್ಷಪಾತ ತೋರದೆ ತಾವು ಒಂದೇ ಸ್ಥಾಯಿಯಲ್ಲಿ ಕೂಗುತ್ತೀರಿ. ತಮ್ಮ ಪಕ್ಕದಲ್ಲಿ ಕೈದಂಡ ಹಿಡಿದು ನಿಂತ ಭದ್ರತಾ ಸಿಬ್ಬಂದಿಯಾದರೋ, ನಿತ್ಯವೂ ಕೇಳುವ ಸುಪ್ರಭಾತಕ್ಕೆ ದೇವಸ್ಥಾನದ ಅಡುಗೆಯವನು ಕೊಡುವಷ್ಟೇ ಗಮನವನ್ನು ಆ ಕೂಗಿಗೆ ಕೊಟ್ಟು, 'ಬ್ಯಾಗ್ ಮೆಷಿನ್ನಿಗೆ ಹಾಕಿ, ಮುಂದೆ ಹೋಗಿ' ಎನ್ನುತ್ತಾರೆ. ಸಾವಿರ ಜನರಿಗೆ ಸಾವಿರ ಬಾರಿ ಕೂಗಿದ ಮೇಲೆ ಸಾವಿರದೊಂದನೆಯ ಕೂಗನ್ನು ಯಾರು ತಾನೇ ಕೇಳಿಯಾರು? ಇದರಲ್ಲಿ ಅವರ ತಪ್ಪೂ ಇಲ್ಲ, ತಮ್ಮ ತಪ್ಪೂ ಇಲ್ಲ.

ತಮ್ಮ ಅವತಾರಕ್ಕೆ ಸಕಾರಣವಿಲ್ಲವೆಂದು ಹೇಳುವಷ್ಟು ಕೃತಘ್ನನು ನಾನಲ್ಲ. 2006ರ ಜುಲೈ 11ರ ಸಂಜೆ ಮುಂಬಯಿಯ ಉಪನಗರ ರೈಲುಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಏಳು ಬಾಂಬುಗಳು ಸಿಡಿದು, ಮನೆಗೆ ಮರಳುತ್ತಿದ್ದ 180ಕ್ಕೂ ಹೆಚ್ಚು ಮಂದಿ ಅಸುನೀಗಿದುದನ್ನು ಬಲ್ಲವರಾರೂ, 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಮ್ಮೂರ ಮೆಟ್ರೋ ಮೊದಲು ಓಡಿದ ಮೇಲೆ ಅದರ ನಿಲ್ದಾಣಗಳಲ್ಲಿ ತಾವು ನಿಂತುದನ್ನು ಅನಾವಶ್ಯಕವೆನ್ನಲಾರರು. ನನ್ನ ಸಂದೇಹವಿರುವುದು ಬೇರೆಡೆ. ಎಂದೋ ಒಂದು ದಿನ ಬರಬಹುದಾದ ಮಹಾವಿಪತ್ತಿಗಾಗಿ ತಮ್ಮನ್ನು ನಿಲ್ಲಿಸಿದ ನಾವು, ದಿನನಿತ್ಯ ಬರುವ ಸಣ್ಣ ಕೇಡುಗಳನ್ನು ಕಾಯುವ ಹೊಣೆಯನ್ನೂ ತಮಗೇ ಒಪ್ಪಿಸಿ ನಿಶ್ಚಿಂತರಾಗಿ ನಿದ್ರಿಸುತ್ತಿದ್ದೇವೆಯೋ ಏನೋ ಎಂಬುದೇ ಆ ಸಂದೇಹ.

ಉದಾಹರಣೆಗೆ, 2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ನಡೆದುದನ್ನು ನೆನೆಯಿರಿ. ತಲೆಯ ಮೇಲೆ ಗಂಟು ಹೊತ್ತು ಬಂದ ರೈತನೊಬ್ಬನ ಉಡುಪು ಮಾಸಿದೆಯೆಂಬ ಕಾರಣಕ್ಕೆ ಆತನನ್ನು ಒಳಗೆ ಬಿಡದೆ ತಡೆದರು. ತಮಗೆ ಲೋಹ ಮಾತ್ರ ತಿಳಿಯುತ್ತದೆ, ಕೊಳೆ ತಿಳಿಯದು. ಆದಕಾರಣ ಈ ಶೋಧನೆಯನ್ನು ಮನುಷ್ಯರೇ ಕೈಗೊಳ್ಳಬೇಕಾಯಿತು. ಗಂಟಿನಲ್ಲಿ ಬಟ್ಟೆಗಳಲ್ಲದೆ ಬೇರೇನೂ ಇಲ್ಲವಲ್ಲ, ಯಾವ ನಿಯಮದ ಪ್ರಕಾರ ತಡೆಯುತ್ತೀರಿ ಎಂದು ಸಹಪ್ರಯಾಣಿಕರು ಎದುರುನಿಂತು ವಾದಿಸಿದರು. ದೃಶ್ಯವು ಊರೆಲ್ಲ ಹರಡಿತು. ಮೆಟ್ರೋ ನಿಗಮವು ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ವಜಾ ಮಾಡಿತು. ಅಪರಾಧಿಯ ಬಟ್ಟೆ ಕೊಳಕಾಗಿರುತ್ತದೆ, ಇಸ್ತ್ರಿ ಹಾಕಿದ ಅಂಗಿಯೊಳಗೆ ಸಜ್ಜನನೇ ಇರುತ್ತಾನೆ ಎಂಬ ಸಿದ್ಧಾಂತವನ್ನು ಮಾತ್ರ ಯಾರೂ ವಜಾ ಮಾಡಿದಂತೆ ಕಾಣೆ.

ಆ ಸಿದ್ಧಾಂತದ ಉತ್ತರಾರ್ಧಕ್ಕೆ ಭಾಷ್ಯವು 2025ರ ಮೇ ತಿಂಗಳಲ್ಲಿ ದೊರೆಯಿತು. ಮೆಟ್ರೋದಲ್ಲಿ ಪಯಣಿಸುವ ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂ ಪುಟವೊಂದರಲ್ಲಿ ಪ್ರದರ್ಶನಕ್ಕಿಡುತ್ತಿದ್ದುದು ಬಯಲಾಗಿ, ಬನಶಂಕರಿ ಠಾಣೆಯಲ್ಲಿ ಪ್ರಕರಣ ದಾಖಲಾಗಿ, ಒಬ್ಬನ ಬಂಧನವೂ ಆಯಿತು. ಆ ಕೃತ್ಯಕ್ಕೆ ಬೇಕಾದ ಆಯುಧವು ಎಲ್ಲ ಪ್ರಯಾಣಿಕರ ಕೈಯಲ್ಲಿಯೂ ಇರುವ ದೂರವಾಣಿಯೇ. ಅದನ್ನು ತಟ್ಟೆಯಲ್ಲಿಟ್ಟು ತಮ್ಮನ್ನು ದಾಟಿ ಮತ್ತೆ ಕೈಗೆತ್ತಿಕೊಂಡವನನ್ನು ತಾವು ಹೇಗೆ ಹಿಡಿಯಬಲ್ಲಿರಿ? ಜೇಬುಗಳ್ಳನಾದರೋ ಇನ್ನೂ ನಿರಾಡಂಬರಿ. ಎರಡು ಬೆರಳುಗಳ ವಿನಾ ಬೇರಾವ ಉಪಕರಣವನ್ನೂ ಆತ ಹೊತ್ತು ತರುವುದಿಲ್ಲ. ಜನಸಂದಣಿಯ ನೆಪದಲ್ಲಿ ಮೈಮೇಲೆ ಬೀಳುವ ಮಹನೀಯನು ತರುವುದು ತನ್ನ ಮೈಯೊಂದನ್ನೇ. ಲೋಹಾಂಶವು ಲವಲೇಶವೂ ಇಲ್ಲದ ಈ ಪಾಪಗಳೆಲ್ಲ ತಮ್ಮ ಚೌಕಟ್ಟಿನಡಿಯಲ್ಲಿ ನಿಶ್ಶಬ್ದವಾಗಿ, ಗೌರವಯುತವಾಗಿ ಒಳನಡೆಯುತ್ತವೆ.

ಕೂಗುವುದು ಯಾವುದಕ್ಕೆ? ನಗರದ ಬಸ್ಸುಗಳಲ್ಲಿ ನಿಂತು ಓಡಾಡಿದ ನಮ್ಮ ತಾಯಂದಿರೂ ಅಕ್ಕಂದಿರೂ ಸೆರಗಿನ ಅಂಚಿನಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ ಪಿನ್ನಿಗೆ ಒಂದು ವೇಳೆ ತಾವು ಕೂಗಿದರೂ ಕೂಗಬಹುದು. ಯಾವ ಟೆಂಡರೂ ಇಲ್ಲದೆ ಖರೀದಿಯಾದ, ಯಾವ ಸಚಿವರೂ ಉದ್ಘಾಟಿಸದ, ತಲೆಮಾರುಗಳ ಕಾಲ ಒಮ್ಮೆಯೂ ಕೆಡದೆ ಕೆಲಸ ಮಾಡಿದ ಅಪರಾಧ ನಿವಾರಣಾ ಯಂತ್ರ ಅದೊಂದೇ. ಅದರ ನಂತರ ಬಂದುದು ಕೆಂಪು ಗುಂಡಿ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಚಲಿಸುತ್ತಿದ್ದ ಬಸ್ಸಿನೊಳಗೆ ನಡೆದ ಘೋರಕ್ಕೆ ದೇಶವೇ ತಲೆತಗ್ಗಿಸಿದ ಮೇಲೆ, 2013ರ ಆಯವ್ಯಯದಲ್ಲಿ 1000 ಕೋಟಿ ರೂಪಾಯಿಗಳ ನಿರ್ಭಯಾ ನಿಧಿ ಸ್ಥಾಪನೆಯಾಯಿತು; 2019ರಿಂದ ಹೊಸ ಸಾರ್ವಜನಿಕ ವಾಹನಗಳಿಗೆ ತುರ್ತು ಗುಂಡಿಯು ಕಡ್ಡಾಯವಾಯಿತು. ಗುಂಡಿ ಒತ್ತುವುದು ಸುಲಭ. ಒತ್ತಿದ ಬಳಿಕ ಯಾವ ಕೋಣೆಯಲ್ಲಿ ಯಾವ ದೀಪ ಹೊತ್ತುವುದು, ಆ ದೀಪವನ್ನು ನೋಡುವ ಕುರ್ಚಿಯಲ್ಲಿ ಆ ಹೊತ್ತಿಗೆ ಯಾರಾದರೂ ಕುಳಿತಿರುವರೇ, ಅವರು ಎದ್ದು ಬರುವುದರೊಳಗೆ ಬಸ್ಸು ಎಷ್ಟು ನಿಲ್ದಾಣ ದಾಟಿರುವುದು ಎಂಬ ಪ್ರಶ್ನೆಗಳಿಗೆ ಗುಂಡಿಯಲ್ಲಿ ಉತ್ತರವಿಲ್ಲ.

ತಮ್ಮ ಅಧಿಕಾರದ ಎಲ್ಲೆಯು ನಿಲ್ದಾಣದ ಮೆಟ್ಟಿಲಿನಲ್ಲಿ ಮುಗಿಯುವುದೂ ಒಂದು ವಿಚಿತ್ರವೇ. ಕೊನೆಯ ಗಾಡಿಯಿಂದ ಇಳಿದ ದಾದಿಯೊಬ್ಬಳು, ಕ್ಯಾಮೆರಾಗಳ ಕಣ್ಗಾವಲಿನಲ್ಲಿ, ಥಳಥಳಿಸುವ ಬೆಳಕಿನಲ್ಲಿ ಮೆಟ್ಟಿಲಿಳಿದು ಹೊರಗೆ ಬರುತ್ತಾಳೆ. ಅಲ್ಲಿಂದ ಮನೆಯವರೆಗಿನ ಹಾದಿಯಲ್ಲಿ ಬೀದಿದೀಪ ಉರಿಯದಿದ್ದರೆ, ಪಾದಚಾರಿ ಮಾರ್ಗದ ಕಲ್ಲುಹಾಸು ಬಾಯಿ ತೆರೆದಿದ್ದರೆ, ಬರಬೇಕಾದ ಬಸ್ಸು ಬಾರದಿದ್ದರೆ, ಅದು ಬೇರೆ ಇಲಾಖೆಗೆ ಸೇರಿದ ಕತ್ತಲೆ. ಅಪರಾಧಿಗೆ ಮಾತ್ರ ಇಲಾಖೆಗಳ ಗಡಿ ಚೆನ್ನಾಗಿ ಗೊತ್ತು.

ಹಾಗಾದರೆ ನಮ್ಮನ್ನು ಇಷ್ಟು ದಿನ ಕಾಯುತ್ತಿರುವವರು ಯಾರು? ರಾಜಾಜಿನಗರದಲ್ಲಿ ರೈತನ ಪಕ್ಕಕ್ಕೆ ನಿಂತ ಪ್ರಯಾಣಿಕರು. ತೂರಾಡುತ್ತ ಹತ್ತಿದವನನ್ನು ಒಂದೇ ಗದರಿಕೆಯಲ್ಲಿ ಹಿಂದಕ್ಕೆ ಕಳುಹಿಸುವ ಕಂಡಕ್ಟರು. ರಾತ್ರಿಯವರೆಗೂ ಅಂಗಡಿ ತೆರೆದಿಟ್ಟ ಹೂವಾಡಗಿತ್ತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಹೆಂಗಸರು ಟಿಕೆಟ್ಟಿನ ಹಣವಿಲ್ಲದೆ ಬಸ್ಸೇರತೊಡಗಿದಾಗ, ಅದನ್ನು ಯಾರೂ ಭದ್ರತಾ ಯೋಜನೆಯೆಂದು ಕರೆಯಲಿಲ್ಲ. ಆದರೂ ಹತ್ತು ಮಂದಿ ಹೆಂಗಸರಿರುವ ಬಸ್ಸಿನಲ್ಲಿ ಹನ್ನೊಂದನೆಯವಳಿಗೆ ಇರುವ ಧೈರ್ಯವನ್ನು ಯಾವ ಕ್ಯಾಮೆರಾವೂ ಕೊಡಲಾರದೆಂದು ನನ್ನ ಅಭಿಪ್ರಾಯ. ಮನುಷ್ಯರಿಗೆ ಸಂಬಳ, ಪಿಂಚಣಿ, ರಜೆ ಕೊಡಬೇಕಾಗುವುದರಿಂದಲೂ, ರಿಬ್ಬನ್ ಕತ್ತರಿಸಲು ಅವರು ಅನುಕೂಲವಾದ ವಸ್ತುಗಳಲ್ಲವಾದುದರಿಂದಲೂ, ರಕ್ಷಣೆಯ ಪಟ್ಟಿಯಲ್ಲಿ ಅವರ ಹೆಸರು ಕಡೆಗೆ ಬರುತ್ತದೆ.

ಆದುದರಿಂದ ತಮ್ಮಲ್ಲಿ ಒಂದೇ ಬಿನ್ನಹ. ನಿಲ್ದಾಣದ ಸೇವೆಯಿಂದ ಒಂದು ದಿನದ ಮಟ್ಟಿಗೆ ರಜೆ ಪಡೆದು, ನಮ್ಮೆಲ್ಲರ ಸುರಕ್ಷತೆಗಾಗಿ ಯೋಜನೆ ರಚಿಸುವ ಸಭೆಯ ಬಾಗಿಲಲ್ಲಿ ನಿಲ್ಲುವಂಥವರಾಗಿರಿ. ಕಾರಿನ ಕೀಲಿಗೆ ಕೂಗಬೇಡಿ, ಕೈಗಡಿಯಾರಕ್ಕೆ ಕೂಗಬೇಡಿ. ರಾತ್ರಿ ಹತ್ತರ ಬಸ್ಸನ್ನು ಒಮ್ಮೆಯಾದರೂ ಹತ್ತದವರು, ಕೊನೆಯ ಗಾಡಿಯಿಂದಿಳಿದು ಒಮ್ಮೆಯಾದರೂ ಮನೆಗೆ ನಡೆಯದವರು ಒಳಗೆ ಕಾಲಿಟ್ಟಾಗ ಮಾತ್ರ ತಾರಸ್ವರದಲ್ಲಿ ಕೂಗಿರಿ. ಕೋರಂ ಇಲ್ಲವೆಂದು ಅಂದಿನ ಸಭೆ ಮುಂದಕ್ಕೆ ಹೋದರೆ ಚಿಂತೆಯಿಲ್ಲ. ಮುಂದಿನ ಸಭೆಗೆ ಅವರು ಬಸ್ಸಿನಲ್ಲಿ ಬರಲಿ.

ಇಂತು ತಮ್ಮ ವಿಧೇಯ,
ಸರದಿಯಲ್ಲಿ ನಿಂತಿರುವ ಒಬ್ಬ ಪ್ರಯಾಣಿಕ